ಪ್ರಸಾದ ಊಟವಲ್ಲ

ಹರಿಹರ
೭-೨-೧೯೬೧, ಮಂಗಳವಾರ

ಚಿ. ಸೌ. ಶಾಂತಕುಮಾರಿಗೆ ನಿನ್ನ ಅಣ್ಣ ಕಲ್ಲೇಶಪ್ಪನ ಆಶೀರ್ವಾದಗಳು.

ಸಮಸ್ತ ಬಂಧುಬಳಗಕ್ಕೂ ಆನಗೋಡಿನ ಹಿರಿಯರು ಕಿರಿಯರಿಗೂ ಅತ್ಯಂತ ಹರ್ಷದಿಂದ ತಿಳಿಯಪಡಿಸುವುದೇನೆಂದರೆ: ಕಳೆದ ಜನವರಿ ಇಪ್ಪತ್ತೊಂದನೇ ತಾರೀಖು ಶನಿವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷದ ಶುಭ ಮುಹೂರ್ತದಲ್ಲಿ, ದಾವಣಗೆರೆಯ ಡಾಕ್ಟರ್ ಉಜ್ಜನಪ್ಪನವರ ಆಸ್ಪತ್ರೆಯ ನಾಲ್ಕನೇ ಮಂಚದ ಮೇಲೆ, ಹರಿಹರದ ಜವಳಿ ವರ್ತಕನೂ ನಿನ್ನ ಒಡಹುಟ್ಟಿದ ಅಣ್ಣನೂ ಆದ ನಾನು, ಐದು ದಿನಗಳ ತರುವಾಯ, ಹೂಸು ಬಿಟ್ಟೆ.

ಮೂಗು ಮುಚ್ಚಿಕೊಳ್ಳಬೇಡ. ಆ ಸದ್ದು ಕೇಳಿ ನಿನ್ನ ಅತ್ತಿಗೆ ನಿರ್ಮಲ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಆಯಾ ಖತೀಜಾಬೀ ವರಾಂಡಕ್ಕೆ ಓಡಿ ಡಾಕ್ಟರನ್ನು ಕೂಗಿದಳು. ಡಾಕ್ಟರು ಬಂದು ನನ್ನ ಕೈ ಕುಲುಕಿದರು. ನನ್ನ ಮದುವೆಯ ದಿನವೂ ನನ್ನಿಂದ ಇಷ್ಟು ಜನಕ್ಕೆ ಇಷ್ಟು ಸಂತೋಷವಾಗಿರಲಿಲ್ಲ.

ನಿನ್ನ ಎರಡು ಕಾಗದಗಳಿಗೂ ಇಷ್ಟು ದಿನ ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಕೂತು ಬರೆದರೆ ಗಾಯ ಎಳೆಯುತ್ತದೆ, ಮಲಗಿ ಬರೆದರೆ ಮಸಿ ದಿಂಬಿಗೆ ಇಳಿಯುತ್ತದೆ ಎಂದು ನೆಪ ಹೇಳಬಹುದು. ನೆಪವೆಂದು ನಿನಗೂ ಗೊತ್ತಾಗುತ್ತದೆ. ಮೊದಲನೇ ಕಾಗದದಲ್ಲಿ ನೀನು, 'ಸಣ್ಣ ಆಪರೇಷನ್ ಅಂದಿದ್ಯಲ್ಲ, ಹದಿನಾರು ದಿನ ಯಾಕಾತು?' ಎಂದು ಕೇಳಿದ್ದೆ. ಎರಡನೆಯದರಲ್ಲಿ ಈಗ ನಿನ್ನ ಮನೆಯಲ್ಲಿರುವ ಅವ್ವನ ವಿಷಯ ಕೇಳಿದ್ದೆ. ಸುಲಭದ ಪ್ರಶ್ನೆಗೆ ಮೊದಲು ಉತ್ತರ ಬರೆಯುತ್ತೇನೆ.

ಅಂಗಡಿಯಲ್ಲಿ ಬಟ್ಟೆಯ ಮೂಟೆ ಎತ್ತಲು ಹೋಗಿ ನನ್ನ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದದ್ದು ನಿನಗೆ ಗೊತ್ತು. ಡಾಕ್ಟರು, 'ಹರ್ನಿಯಾ. ಕರುಳು ಹೊರಗೆ ಇಣುಕ್ತಾ ಐತಿ. ಒಳಗೆ ತಳ್ಳಿ ಹೊಲಿಗೆ ಹಾಕಿದ್ರೆ ಮುಗೀತು, ಹತ್ತು ದಿನಕ್ಕೆ ಮನೆ' ಎಂದರು. ನಾನೂ ಹೊಲಿಗೆಯ ಪೈಕಿಯವನೇ ಆದ್ದರಿಂದ ಒಪ್ಪಿದೆ. ಸಂಕ್ರಾಂತಿಯ ಎಳ್ಳುಬೆಲ್ಲ ತಿಂದ ಮೂರನೇ ದಿನ, ಸೋಮವಾರ, ಅರ್ಧ ಗಂಟೆಯಲ್ಲಿ ಆಪರೇಷನ್ ಮುಗಿಯಿತು. 'ಗಾಳಿ ಹೋಗೋ ತನಕ ಬಾಯಿಗೆ ಒಂದು ಹನಿ ನೀರೂ ಬ್ಯಾಡ' ಎಂದು ಅಪ್ಪಣೆಯಾಯಿತು. ಕೈಗೆ ಗ್ಲೂಕೋಸ್ ಬಾಟ್ಲಿ ಏರಿಸಿದರು.

ಮಂಗಳವಾರ ಗಾಳಿ ಹೋಗಲಿಲ್ಲ. ಹೊಟ್ಟೆ ಉಬ್ಬತೊಡಗಿತು. ಬುಧವಾರದ ಹೊತ್ತಿಗೆ ನನ್ನ ಕಾಲು ನನಗೆ ಕಾಣದಷ್ಟು ಎದ್ದು ನಿಂತಿತ್ತು. ಬೆರಳಲ್ಲಿ ತಟ್ಟಿದರೆ ಭಜನೆಗೆ ತಾಳವಾಗುತ್ತಿತ್ತು. ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ರೈತ ಭರಮಣ್ಣ ಗಳಿಗೆಗೊಮ್ಮೆ, 'ಹೋತೇನ್ರಿ ಸಾವ್ಕಾರ್ರೆ?' ಎಂದು ವಿಚಾರಿಸುತ್ತಿದ್ದ. ರೈಲು ಹೋಯಿತೇ ಎಂದು ಕೇಳುವವನ ಹಾಗೆ. ಆ ರೈಲು ಹೊರಡುವ ಸೂಚನೆಯೇ ಇರಲಿಲ್ಲ.

ಡಾಕ್ಟರು ಬಂದವರೇ ಅವ್ವನನ್ನು ಕೇಳಿದರು. 'ಬಾಯಿಗೆ ಏನಾರ ಕೊಟ್ಟೀರೇನವ್ವ?'

'ಶಿವಶಿವಾ, ಒಂದು ಅಗಳು ಕೊಟ್ಟಿಲ್ಲಪ್ಪ. ಅವನು ಉಣ್ಣಲಿಲ್ಲ ಅಂತ ನಾನೂ ಉಂಡಿಲ್ಲ.'

ನನ್ನನ್ನೂ ಕೇಳಿದರು. ನಾನೂ ಇಲ್ಲವೆಂದೆ. ಶಾಂತಾ, ಇಬ್ಬರಲ್ಲಿ ಯಾರೂ ಸುಳ್ಳು ಹೇಳಲಿಲ್ಲ.

ಅವ್ವ ಮುಂಜಾನೆ ಮುಂಜಾನೆ ವರಾಂಡದ ಮೂಲೆಯಲ್ಲಿ ಮಡಿಯುಟ್ಟು ಲಿಂಗಪೂಜೆ ಮುಗಿಸಿ, ನಮ್ಮ ಮನೆಯ ಪದ್ಧತಿಯಂತೆ ಪಾದೋದಕ, ಪ್ರಸಾದ ತಂದು ನನ್ನ ಅಂಗೈಗೆ ಹಾಕುತ್ತಿದ್ದಳು. ಮೊದಲ ಸಲ ಒಂದು ಚಮಚ ನೀರು, ಒಂದು ಹರಳು ಕಲ್ಲುಸಕ್ಕರೆ, ಅಷ್ಟೆ. ನನ್ನ ಹೊಟ್ಟೆ ಉಬ್ಬಿದ್ದನ್ನು ನೋಡಿ ಅವಳಿಗೆ ಹೆದರಿಕೆ ಹತ್ತಿತು. ಹೆದರಿಕೆಗೆ ಅವಳಿಗೆ ಗೊತ್ತಿದ್ದ ಔಷಧ ಒಂದೇ. ಪೂಜೆ ಮೂರು ಹೊತ್ತಾಯಿತು. ಬೆಳ್ಳಿ ಬಟ್ಟಲಿನ ತುಂಬ ಹಾಲಿನ ಅಭಿಷೇಕದ ತೀರ್ಥ ಬಂತು, ಅರ್ಧ ಬಾಳೆಹಣ್ಣು ಇಡೀ ಬಾಳೆಹಣ್ಣಾಯಿತು. ಹೊಟ್ಟೆ ಉಬ್ಬಿದಷ್ಟೂ ಪ್ರಸಾದ ಹೆಚ್ಚಿತು, ಪ್ರಸಾದ ಹೆಚ್ಚಿದಷ್ಟೂ ಹೊಟ್ಟೆ ಉಬ್ಬಿತು. ನಾನು ಕಣ್ಣಿಗೊತ್ತಿಕೊಂಡು ನುಂಗಿದೆ. ಪ್ರಸಾದವನ್ನು ಯಾರಾದರೂ ಊಟವೆಂದು ಲೆಕ್ಕ ಹಿಡಿಯುತ್ತಾರೆಯೆ?

ಬುಧವಾರ ಮಧ್ಯಾಹ್ನ ವಾಂತಿ ಶುರುವಾಯಿತು. ಹಸಿರು ಬಣ್ಣ. ವಾಂತಿಯ ಬೇಸಿನ್ ಎತ್ತಿದ ಖತೀಜಾಬೀ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಅಲ್ಲಿಂದಲೇ ಕೂಗಿದಳು.

'ಡಾಕ್ಟರ್ ಸಾಬ್, ಇಲ್ಲಿ ಬರ್ರಿ! ಇವ್ರ ಹೊಟ್ಟೆಯಾಗೆ ಬಾಳೆತೋಟ ಐತೇನ್ರಿ?'

ವಿಚಾರಣೆ ನಡೆಯಿತು. ಅವ್ವ ತಲೆ ಎತ್ತಿಯೇ ಹೇಳಿದಳು. 'ಅದು ಪ್ರಸಾದ. ಊಟ ಅಲ್ಲ.' ಡಾಕ್ಟರು ರೇಗುತ್ತಾರೆಂದುಕೊಂಡೆ. ಅವರು ಅಂಗಿಯ ಗುಂಡಿ ಬಿಚ್ಚಿ ತಮ್ಮ ಎದೆಯ ಮೇಲಿದ್ದ ಲಿಂಗದ ಕರಡಿಗೆ ತೋರಿಸಿ, ಮೆಲ್ಲಗೆ ಅಂದರು. 'ಅವ್ವಾ, ನಾನೂ ಲಿಂಗ ಕಟ್ಟಿದೋನೇ. ಆದ್ರೆ ಪ್ರಸಾದ ಯಾವುದು, ಉಪ್ಪಿಟ್ಟು ಯಾವುದು ಅಂತ ಕರುಳಿಗೆ ಗೊತ್ತಾಗಲ್ಲವ್ವ.'

ಅವ್ವ ಬಟ್ಟಲನ್ನು ಸೆರಗಿನಲ್ಲಿ ಒರೆಸಿ ಮಂಚದ ಕೆಳಗಿಟ್ಟು ಹೊರಗೆ ಹೋದಳು. ಅವತ್ತಿನಿಂದ ವಾರ್ಡಿನ ಒಳಗೆ ಕಾಲಿಡಲಿಲ್ಲ. ವರಾಂಡದ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ನನಗೆ ಕಿಟಕಿಯಿಂದ ಅವಳ ತಲೆಯ ಬಿಳಿಕೂದಲಷ್ಟೇ ಕಾಣುತ್ತಿತ್ತು.

ನನ್ನ ಮೂಗಿನಿಂದ ಹೊಟ್ಟೆಯವರೆಗೆ ರಬ್ಬರ್ ನಳಿಗೆ ಇಳಿಸಿದರು. ಎರಡು ದಿನ ಹಾಗೇ ಇದ್ದೆ. ಶುಕ್ರವಾರ ಸಂಜೆ ಡಾಕ್ಟರು ನಿರ್ಮಲಳನ್ನು ಪಕ್ಕಕ್ಕೆ ಕರೆದರು. ಪಿಸುಮಾತಿನಲ್ಲಿ ಹೇಳಿದರೂ ನನಗೆ ಕೇಳಿಸಿತು. ಕರುಳು ಕೆಲಸ ನಿಲ್ಲಿಸಿದೆ, ನಾಳೆ ಸಂಜೆಯೊಳಗೆ ಚಾಲೂ ಆಗದಿದ್ದರೆ ಹೊಟ್ಟೆ ಕೊಯ್ದು ನೋಡಬೇಕು, ಈ ನಿತ್ರಾಣದಲ್ಲಿ ತಡೆಯುತ್ತಾನೆಂದು ಮಾತು ಕೊಡಲಾರೆ ಎಂದು. ನಿರ್ಮಲ ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿ ಬಂದು, ಏನೂ ಆಗಿಲ್ಲದವಳ ಹಾಗೆ ನನ್ನ ಹೊದಿಕೆ ಸರಿಮಾಡಿದಳು. ಹೊದಿಕೆ ಸರಿಯಾಗಿಯೇ ಇತ್ತು. ಆ ಗಳಿಗೆಯಲ್ಲಿ ನನಗೆ ಒಂದೇ ಒಂದು ಚೇಷ್ಟೆಯ ಮಾತೂ ಹೊಳೆಯಲಿಲ್ಲ. ನಲವತ್ತಾರು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಮಾರನೇ ದಿನ ಮೂರು ಗಂಟೆ ಹತ್ತು ನಿಮಿಷಕ್ಕೆ ಏನಾಯಿತೆಂದು ಮೇಲೆಯೇ ಘೋಷಿಸಿದ್ದೇನೆ. ಭರಮಣ್ಣ ಮುರಿದ ಕಾಲನ್ನೂ ಮರೆತು ಅರ್ಧ ಎದ್ದು, 'ಹೋತು! ಹೋತು!' ಎಂದು ಚಪ್ಪಾಳೆ ತಟ್ಟಿದ.

ಈಗ ನಡೆದಾಡುತ್ತೇನೆ. ಮೆತ್ತಗಿನ ಅನ್ನ, ಮಜ್ಜಿಗೆ ದಕ್ಕುತ್ತದೆ. ಖಾರ ಕಂಡರೆ ಕರುಳು ಇನ್ನೂ ಮುಖ ತಿರುಗಿಸುತ್ತದೆ. ಮಿರ್ಚಿ ಮಂಡಕ್ಕಿಯನ್ನು ಬೇರೆಯವರು ತಿನ್ನುವುದನ್ನು ನೋಡಿ ತೃಪ್ತಿಪಡುವ ವೈರಾಗ್ಯಕ್ಕೆ ಬಂದಿದ್ದೇನೆ.

ಇನ್ನು ನಿನ್ನ ಎರಡನೇ ಕಾಗದ. 'ಅವ್ವ ಪೂಜೆ ಮಾಡ್ತಾಳೆ, ಹುಡುಗರು ಕೈಚಾಚಿದ್ರೂ ಪ್ರಸಾದ ಕೊಡಲ್ಲ, ಕರಡಿಗೆ ಮುಚ್ಚಿ ಎದ್ದು ಹೋಗ್ತಾಳೆ, ಯಾಕಣ್ಣ?' ಎಂದು ಬರೆದಿದ್ದೆ. ವಯಸ್ಸಾಯಿತು, ಆಸ್ಪತ್ರೆಯಲ್ಲಿ ದಣಿದಿದ್ದಾಳೆ, ನಾಲ್ಕು ದಿನ ಹೋದರೆ ಸರಿಹೋಗುತ್ತಾಳೆ ಎಂದುಕೊಂಡಿದ್ದೇನೆ.

ಕೂಸಿನ ಜ್ವರ ಇಳಿಯಿತೆಂದು ತಿಳಿದು ಸಮಾಧಾನವಾಯಿತು. ಭಾವನವರಿಗೆ ಶರಣು ಹೇಳು. ಮಕ್ಕಳ ಹೊಟ್ಟೆ ತಣ್ಣಗಿರಲಿ, ನಿನ್ನ ಮನೆ ತುಂಬಿರಲಿ.

ನಿನ್ನ ಅಣ್ಣ
ಕಲ್ಲೇಶಪ್ಪ

ತಾಜಾ ಕಲಂ: ಮೇಲಿನ ಉತ್ತರ ಸುಳ್ಳು.

ಗಾಳಿ ಹೋದ ಮಾರನೇ ದಿನ, ಭಾನುವಾರ, ಹರಿಹರದಿಂದ ನಮ್ಮ ಬಜಾರದವರು ಏಳೆಂಟು ಮಂದಿ ನೋಡಲು ಬಂದಿದ್ದರು. ಬದುಕಿದ ಹುರುಪಿನಲ್ಲಿ ನನ್ನ ನಾಲಿಗೆಗೆ ಹಿಡಿತ ಇರಲಿಲ್ಲ. 'ಡಾಕ್ಟರು ಬರೇ ಮೂರಿಂಚು ಕೊಯ್ದ್ರು ಕಣ್ರಪ್ಪ. ನಮ್ಮವ್ವ ಮೂರು ಬಾಳೆಹಣ್ಣಿನಾಗೆ ಕೈಲಾಸಕ್ಕೇ ಟಿಕೀಟು ತೆಗೆಸಿದ್ಲು!' ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ಹೊಲಿಗೆ ಹಿಡಿದುಕೊಂಡು ನಕ್ಕೆ. ತಲೆ ಎತ್ತಿದರೆ ಬಾಗಿಲಲ್ಲಿ ಅವ್ವ. ಡಾಕ್ಟರು ಅವತ್ತೇ ಗಂಜಿಗೆ ಅಪ್ಪಣೆ ಕೊಟ್ಟಿದ್ದರು. ನಾಲ್ಕು ದಿನದ ಮೇಲೆ ಮೊದಲ ಸಲ ಒಳಗೆ ಕಾಲಿಟ್ಟು, ಗಂಜಿಯ ತಂಬಿಗೆ ಹಿಡಿದು ನಿಂತಿದ್ದಳು.

ಅವ್ವನೂ ನಕ್ಕಳು, ಶಾಂತಾ. ಎಲ್ಲರ ಜೊತೆ ನಕ್ಕಳು. ಆಮೇಲೆ ತಂಬಿಗೆಯನ್ನು ನಿರ್ಮಲಳ ಕೈಗೆ ಕೊಟ್ಟು, 'ನೀನೇ ಕುಡಿಸವ್ವ. ನನ್ನ ಕೈ ಬ್ಯಾಡ' ಎಂದಳು. ಸೋಮವಾರ ಮುಂಜಾನೆ ಕೂಸನ್ನು ನೋಡಬೇಕೆಂದು ಹೇಳಿ ನಿಮ್ಮೂರಿನ ಬಸ್ಸು ಹತ್ತಿದಳು.

ಹೊಲಿಗೆ ಬಿಚ್ಚುವ ದಿನ ಡಾಕ್ಟರನ್ನು ಕೇಳಿದೆ. ಆಪರೇಷನ್ ಆದ ಮೇಲೆ ಕೆಲವರ ಕರುಳು ತಾನೇ ಮುಷ್ಕರ ಹೂಡುತ್ತದಂತೆ, ಪ್ರಸಾದದಿಂದ ವಾಂತಿ ಹೆಚ್ಚಿರಬಹುದು, ಕರುಳು ನಿಂತದ್ದು ಅದರಿಂದಲ್ಲವಂತೆ. ಅಷ್ಟು ಹೊತ್ತಿಗೆ ಅದನ್ನು ಕೇಳಬೇಕಾದವಳು ಅಲ್ಲಿರಲಿಲ್ಲ. ಬೇಡ ಎನ್ನಲು ನನಗೆ ಬಾಯಿ ಇತ್ತು, ನಾನೇ ಕೈಚಾಚಿದ್ದೆ. ಅದನ್ನೂ ಆ ಏಳೆಂಟು ಮಂದಿಗೆ ಹೇಳಲಿಲ್ಲ.

ಈ ಪತ್ರದ ಜೊತೆ ಚಿತ್ರದುರ್ಗದ ಬಸ್ಸಿನ ಕಂಡಕ್ಟರ್ ಮುನಾಫ್ ಒಂದು ಬಟ್ಟೆಗಂಟು ಕೊಡುತ್ತಾನೆ. ಅದರಲ್ಲಿ ಅವ್ವ ಮಂಚದ ಕೆಳಗೆ ಬಿಟ್ಟುಹೋದ ಬೆಳ್ಳಿ ಬಟ್ಟಲು ಇದೆ. ಡಾಕ್ಟರು ಅಂದದ್ದನ್ನು ಅವಳಿಗೆ ಓದಿ ಹೇಳು. ನಾಳೆ ಅವಳು ಪೂಜೆಗೆ ಕೂತಾಗ ಬಟ್ಟಲನ್ನು ಪಕ್ಕದಲ್ಲಿಟ್ಟು, 'ಅಣ್ಣ ಕಳಿಸ್ಯಾನೆ, ಪ್ರಸಾದ ಬೇಕಂತೆ' ಎಂದಷ್ಟೇ ಹೇಳಿ ಎದ್ದು ಬಾ. ಅದರಲ್ಲಿ ಒಂದು ಹರಳು ಕಲ್ಲುಸಕ್ಕರೆ ಬಿದ್ದರೂ ಕಾಗದದಲ್ಲಿ ಕಟ್ಟಿ, ಶನಿವಾರ ಮಧ್ಯಾಹ್ನ ಹರಿಹರಕ್ಕೆ ವಾಪಸು ಬರುವ ಮುನಾಫನ ಕೈಗೆ ಕೊಡು. ಬಸ್ಸು ನಿಮ್ಮೂರಲ್ಲಿ ಎರಡೇ ನಿಮಿಷ ನಿಲ್ಲುತ್ತದೆ, ಸ್ವಲ್ಪ ಮುಂಚೆಯೇ ಹೋಗಿ ನಿಂತಿರು.