ಸ್ಟೇರಿಂಗ್ ಏನಂತೈತಿ?

18 ಫೆಬ್ರವರಿ 2020, ಸಂಜೆ

ಇವತ್ತೂ ಅದೇ. ಹೋಗು, ತಿರುಗು, ಬಾ. ನಾರಾಯಣಪೇಟೆ ಆಚೆ ಕಲ್ಲು ಕ್ವಾರಿಗೆ ಹೋಗುವ ಹಾಳು ರಸ್ತೆ. ರ‍್ಯಾಲಿ ಸೀಸನ್ ಶುರುವಾಗೋ ಮುಂಚಿನ ಕಾರ್ ಟೆಸ್ಟಿಂಗ್ ಅಂತೆ. ಸೀಸನ್‌ನಲ್ಲಿ ಡ್ರೈವರ್ ಸೀಟು ಗದ್ವಾಲದ ಹುಡುಗಿ ಶಿರಿಷಾಳದು. ಅಲ್ಲಿಯ ತನಕ ಟೈರ್ ಸವೆಸೋದು ನನ್ನ ಕೆಲಸ. ಲಾರಿ ಬಿಟ್ಟ ಮೇಲೆ ಸುಖ ಅಂದುಕೊಂಡಿದ್ದೆ. ಸೊಂಟ ಒಂದು ಕಡೆ, ಕುತ್ತಿಗೆ ಒಂದು ಕಡೆ ಆಗಿದೆ.

ಗಾಡಿ ನಿಂತ ಕೂಡಲೇ ತೆಲುಗಿನ ಎಂಜಿನಿಯರ್ ನರೇಂದರ್ ಕಿಟಕಿಗೆ ತಲೆ ಹಾಕ್ತಾನೆ. "ಅನ್ನಾ, ಸ್ಟೇರಿಂಗ್ ಏನಂತೈತಿ?" ಲ್ಯಾಪ್‌ಟಾಪ್ ಇದೆ, ಏನೇನೋ ಮಷೀನು ಇದೆ. ಆದರೂ ಅವನಿಗೆ ನನ್ನ ಅಂಗೈ ಬೇಕು. ಮೊದಲ ವಾರ ಒಂದು ಟೈರ್ ಗಾಳಿ ಬಿಡೋದನ್ನ ಸ್ಟೇರಿಂಗ್ ಹಿಡಿದೇ ಹೇಳಿಬಿಟ್ಟಿದ್ದೆ. ಆವತ್ತಿಂದ ನಾನು ಅವನಿಗೆ ದೇವರು. ಖುಷಿಯೇ... ಸುಳ್ಳು ಯಾಕೆ ಬರೆಯಲಿ.

ಮಕ್ತಲ್‌ಗೆ ಮನೆಗೆ ಬಂದು ಬಿದ್ದುಕೊಂಡೆ. ಹೆಂಡತಿ ಹಂಪಮ್ಮ ಊಟಕ್ಕೆ ಕರೆದಿದ್ದು ಕೇಳಿಸಿತು. ಏಳಲಿಲ್ಲ.

21 ಫೆಬ್ರವರಿ, ಶಿವರಾತ್ರಿ

ಉಪವಾಸ. ಬೆಳಿಗ್ಗೆ ಪೂಜೆಗೆ ಕೂತೆ. ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದರೆ, ಇಟ್ಟ ಹಾಗೇ ಅನಿಸಲಿಲ್ಲ. ಕಣ್ಣು ಬಿಟ್ಟೆ. ಇತ್ತು. ಖಾಲಿ ಹೊಟ್ಟೆ, ತಣ್ಣೀರ ಸ್ನಾನ... ಜೋಮು ಹಿಡಿದಿರಬೇಕು.

ಅರ್ಧ ದಿನ ಡ್ಯೂಟಿ. ನರೇಂದರ್ ಫೋನ್ ಹಿಡಿದು ಕುಣಿತಿದ್ದ. ನಿನ್ನೆ ಸ್ಪೇನ್‌ನಲ್ಲಿ ದೊಡ್ಡ ರೇಸಿನವರ ಟೆಸ್ಟಿಂಗ್. ಡ್ರೈವರ್ ಕೂತಲ್ಲೇ ಸ್ಟೇರಿಂಗನ್ನ ಎದೆ ಕಡೆ ಎಳೀತಾನೆ, ಮುಂದಿನ ಎರಡು ಚಕ್ರದ ಮೂತಿ ಬದಲಾಗುತ್ತೆ. ಮತ್ತೆ ದೂಡ್ತಾನೆ, ಮೊದಲಿನ ಹಾಗೆ. ಗಾಡಿ ಓಡ್ತಿರುವಾಗಲೇ! ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದೆವು.

"ನಮ್ಮದ್ರಾಗ ಎಳ್ಯಾಕ ಬರಂಗಿಲ್ಲ ಅನ್ನಾ. ಪಾನಾ ಹಿಡ್ದು ಅದನ್ನೇ ಮಾಡೋಣು. ನೀ ಹೇಳ್ದಂಗ ತಿರುವ್ತೀನಿ."

ಓಡಿಸಿ ಬಂದೆ. ಎಡಕ್ಕೆ ತಿರುವಿದರೆ ಸ್ಟೇರಿಂಗ್ ಸತ್ತ ಹಾಗಿತ್ತು. ಹಾಗೇ ಹೇಳಿದೆ. ಚಕ್ರದ ಮೂತಿ ಹೊರಕ್ಕೆ ತಿರುವಿದ. ಇನ್ನೂ ಸತ್ತ ಹಾಗೇ ಅಂದೆ. ಇನ್ನಷ್ಟು ತಿರುವಿ, ಮುಂದಕ್ಕೆ ಮೆತ್ತನೆ ಟೈರ್ ಹಾಕಿದ. ಕಡೆಗೆ ಸಾಕಾಗಿ "ಈಗ ಚಲೋ ಐತಿ" ಅಂದುಬಿಟ್ಟೆ. ಮನೆಗೆ ಹೋಗಬೇಕಿತ್ತು. ರಾತ್ರಿ ಜಾಗರಣೆ ಬೇರೆ.

22 ಫೆಬ್ರವರಿ

ಕಣ್ಣು ಉರಿ. ಶಿರಿಷಾ ಒಂದು ಸುತ್ತು ನಿಧಾನಕ್ಕೆ ಹೋಗಿ ಬಂದಳು. ಹೆಲ್ಮೆಟ್ ತೆಗೆಯುವಾಗಲೇ ಮುಖ ಸಿಂಡರಿಸಿದ್ದಳು.

"ಕೊಟ್ರೇಶಣ್ಣ, ಎಡಕ್ಕ ಹೊಳ್ಳಿದ್ರ ಕೈಯಾಗಿಂದ ಕಸ್ಗೊಂಡು ಹೋಗ್ತೈತ್ರಿ. ನಿಮಗ ಹಂಗ ಅನಸಲಿಲ್ಲೇನ್ರಿ?"

"ನನಗೇನ್ ಅನಸಲಿಲ್ಲಮ್ಮ."

ನರೇಂದರ್ ಅವಳ ಮಾತು ಮುಗಿಯೋಕೆ ಬಿಡಲಿಲ್ಲ. "ಗಾಡಿ ಚಲೋ ಐತಿ ಅಂತ ಅನ್ನಾನ ಅಂದಾನ. ನೀ ರೂಢಿ ಮಾಡ್ಕೋ. ಸೋಮವಾರ ಹೈದರಾಬಾದಿಂದ ಟೀಮಿನ ಸಾಹೇಬರು ಬರ್ತಾರ. ಅವರ ಮುಂದ ಫುಲ್ ಸ್ಪೀಡ್ ಹೋಗ್ಬೇಕು."

ಅವಳು ನನ್ನ ಕಡೆ ನೋಡಿದಳು. ನಾನು ಮೀಸೆಯಡಿ ನಕ್ಕೆ. ಕುಣಿಲಾರದವಳು ನೆಲ ಡೊಂಕು ಅಂದಳಂತೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

23 ಫೆಬ್ರವರಿ, ಭಾನುವಾರ

ರಜೆ. ಹೊತ್ತೇರುವ ತನಕ ಮಲಗಿದ್ದು ಎದ್ದೆ. ಪೂಜೆಗೆ ಕೂತೆ. ಹಂಪಮ್ಮ "ಅಯ್ಯ ಶಿವನೇ!" ಅಂತ ಚೀರಿದಾಗ ಕಣ್ಣು ಬಿಟ್ಟರೆ ಅಂಗೈ ವಾಲಿತ್ತು. ಲಿಂಗ ಅವಳ ಸೆರಗಿನಲ್ಲಿತ್ತು. ನೆಲಕ್ಕೆ ಬೀಳುವುದರೊಳಗೆ ಹಿಡಿದಿದ್ದಳು.

"ಜಾರಿದ್ದು ತಿಳೀಲಿಲ್ಲೇನ್ರಿ?"

"ಉಪಾಸ ಇದ್ದೆ ನೋಡು, ಅದಕ್ಕ..."

"ಉಪಾಸ ಮುಗದು ಎಷ್ಟೊತ್ತಾತು! ನಿನ್ನಿ ಬಡಿಸಿದಷ್ಟೂ ರೊಟ್ಟಿ ಉಂಡೀರಿ." ಕೈ ಹಿಡಿದು ಚಿವುಟಿದಳು. ನೋಡುತ್ತಾ ಕೂತಿದ್ದೆ. ಯಾರದೋ ಕೈ ಚಿವುಟಿದ ಹಾಗಿತ್ತು. ಆಮೇಲೆ ಕೇಳಿದಳು, "ಕೈಯಾಗಿನ ಲಿಂಗಾನ ತಿಳೀಲಿಲ್ಲಂದ್ರ ನಿಮ್ಮ ಸ್ಟೇರಿಂಗ್ ಹೆಂಗ ತಿಳೀತೈತ್ರಿ?"

ಬಲಗೈ ಉಗುರಿನಿಂದ ನಾನೇ ಇನ್ನೊಮ್ಮೆ ಚಿವುಟಿ ನೋಡಿದೆ.

ಸತ್ತಿದ್ದು ಸ್ಟೇರಿಂಗ್ ಅಲ್ಲ. ನೆಲ ಡೊಂಕು ಅಂದವನು ನಾನೇ. ನನ್ನ ಮಾತು ಕೇಳಿ ಆ ಚಕ್ರಗಳನ್ನ ಹೇಗೆ ಬೇಕೋ ಹಾಗೆ ತಿರುವಿದ್ದಾರೆ. ನಾಳೆ ಆ ಹುಡುಗಿ ಅದರಲ್ಲಿ ಫುಲ್ ಸ್ಪೀಡ್ ಹೋಗಬೇಕು. ಕ್ವಾರಿ ಹತ್ತಿರದ ಎಡ ತಿರುವಿನ ಪಕ್ಕ ಬರೀ ಬಂಡೆ.

ಹೇಳಿದರೆ ಕೈಗೆ ಇನ್ಯಾರೂ ಗಾಡಿ ಕೊಡುವುದಿಲ್ಲ. ಓಡಿಸೋದು ಬಿಟ್ಟು ಬೇರೆ ಏನೂ ಬರುವುದಿಲ್ಲ ನನಗೆ. ಹೆದರಿಕೆ ಆಗ್ತಿದೆ. ಹೇಳದೇ ಇದ್ದರೆ... ಫೋನ್ ಕೈಗೆ ತಗೊಂಡೆ, ಇಟ್ಟೆ. ಮತ್ತೆ ತಗೊಂಡೆ. ಎದುರಿಗೆ ನಿಂತು ಹೇಳಬೇಕಾದ ಮಾತು ಇದು. ನಾಳೆ ಬೇಗ ಹೋಗ್ತೀನಿ.

24 ಫೆಬ್ರವರಿ

ಹೇಳಿದೆ. ಎಲ್ಲರ ಮುಂದೆ.

ನರೇಂದರ್ ನಕ್ಕ! "ಅನ್ನಾ, ಹುಡುಗಿ ಬೈತಾಳಂತ ಅಂಜಿ ಹಿಂಗಂತಿ." ದೇವರಾದರೆ ಇದೇ ಕಷ್ಟ, ತಪ್ಪಾಯಿತು ಅಂದರೂ ನಂಬುವುದಿಲ್ಲ. ಸಾಹೇಬರು ಬಂದು ಕುರ್ಚಿಯಲ್ಲಿ ಕೂತಿದ್ದರು. ಶಿರಿಷಾ ಬೆಲ್ಟ್ ಬಿಗೀತಿದ್ದಳು.

ಹೋಗಿ ಗಾಡಿ ಮುಂದೆ ನಿಂತೆ. ಎಡಗೈ ಚಾಚಿ ಕಣ್ಣು ಮುಚ್ಚಿದೆ. "ಇದರ ಮ್ಯಾಲ ಏನರ ಇಡ್ರಿ. ಹೇಳಿದ್ನೆಂದ್ರ ಗಾಡಿ ಬಿಡ್ರಿ."

ಕಾದೆ. ಯಾರೋ ಇಳಿದ ಸದ್ದು. ಆಮೇಲೆ ಸದ್ದೇ ಇಲ್ಲ.

"ಇಡ್ರೀ..." ಅಂದೆ. ಕಣ್ಣು ಬಿಟ್ಟರೆ ಅಂಗೈ ಮೇಲೆ ಚಹಾದ ಗ್ಲಾಸು. ಆಗ ತಾನೆ ಬಗ್ಗಿಸಿದ್ದು, ಹಬೆ ಆಡುತ್ತಿತ್ತು. ಶಿರಿಷಾ ಗಬಕ್ಕನೆ ಕಸಿದುಕೊಂಡಳು. ಅಂಗೈ ನಡುವೆ ಕೆಂಪಗೆ ಗುಂಡನೆ ಬರೆ.

ನರೇಂದರ್ ಪಾನಾ ತಗೊಂಡು ಗಾಡಿ ಕೆಳಗೆ ಹೋದ. ಚಕ್ರ ಮೊದಲಿನ ಹಾಗೆ ಆಯಿತು. ಹಳೇ ಟೈರ್ ಬಂತು.

ಶಿರಿಷಾ ನನ್ನ ಹತ್ತಿರ ಬಂದಳು. ಸಮಾಧಾನ ಹೇಳ್ತಾಳೆ ಅಂದುಕೊಂಡೆ. "ಮೊನ್ನೇನ ಹೇಳಿದ್ನಲ್ರೀ ನಾನು. ನನ್ನ ಮಾತಿಗೆ ಕಿಮ್ಮತ್ತ ಇರಲಿಲ್ಲ." ಅಷ್ಟೇ ಅಂದು ಹೋಗಿ ಕೂತಳು. ಅವಳು ಹೇಳಿದ್ದು ಸರಿ. ತಲೆ ತಗ್ಗಿಸಿದೆ.

ಧೂಳೆಬ್ಬಿಸಿ ಹೋದಳು. ಎಡ ತಿರುವಿನಲ್ಲಿ ಕಣ್ಣು ಮುಚ್ಚಿಕೊಂಡೆ. ನೆಟ್ಟಗೆ ಬಂದಳು, ಎಂಥಾ ಓಟ! ಗಾಡಿ ನಿಂತ ಕೂಡಲೇ ನರೇಂದರ್ ಅವಳ ಕಿಟಕಿಗೆ ತಲೆ ಹಾಕಿದ. ಏನು ಕೇಳಿದ ಅಂತ ಗೊತ್ತು. ನನ್ನ ಬ್ಯಾಗ್ ತಗೊಂಡು ಬಂದೆ.

26 ಫೆಬ್ರವರಿ

ರಾಯಚೂರಿಗೆ ಹೋಗಿದ್ದೆವು. ಡಾಕ್ಟರು ಸೂಜಿ ಚುಚ್ಚಿದರು, ಸ್ಕ್ಯಾನಿಂಗ್ ಫೋಟೋ ತೆಗೆಸಿದರು. ಕುತ್ತಿಗೆಯಲ್ಲಿ ನರ ಒತ್ತಿದೆಯಂತೆ. ಆಪರೇಷನ್ ಆದರೂ ಕೈ ಸರಿಯಾಗುತ್ತೆ ಅಂತ ಹೇಳೋಕಾಗಲ್ಲ ಅಂದರು. "ಗಾಡಿ?" ಅಂದೆ. ಬರೆಯುತ್ತಿದ್ದವರು ತಲೆ ಎತ್ತಲಿಲ್ಲ.

ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಡ್ರೈವರ್ ಬ್ರೇಕ್ ಹಾಕಿದಾಗೆಲ್ಲ ನನ್ನ ಕಾಲೂ ಒತ್ತುತ್ತಿತ್ತು. ದಣಿವು. ಹೊರಗೆ ನೋಡುತ್ತಲೇ ಇದ್ದೆ. ಹಂಪಮ್ಮನೂ ಮಾತಾಡಲಿಲ್ಲ. ಸಿಟ್ಟಾಗಿದ್ದಾಳೆ ಅಂದುಕೊಂಡೆ.

ಕೃಷ್ಣಾ ಸೇತುವೆ ಮೇಲೆ ಬಸ್ಸು ಎತ್ತಿ ಹಾಕಿತು. ಈಚೆ ತಿರುಗಿದರೆ ನನ್ನ ಎಡಗೈ ಅವಳ ಎರಡೂ ಕೈಯೊಳಗೆ.

"ಯಾವಾಗಿಂದ ಹಿಡಕೊಂಡೀ?"

"ರಾಯಚೂರಿಂದನ" ಅಂದಳು.

ನಾನು ಬಲಗೈ ತಂದು ಅವಳ ಕೈ ಮೇಲಿಟ್ಟೆ, ಅದಕ್ಕೆ ಬೆಚ್ಚಗೆ ತಿಳಿಯಿತು.