ಗಿರಣಿ ಹಾಡಿನ ನಡುದನಿ

ಚೆರ್ಕಾಸಿ, ಉಕ್ರೇನ್
2187ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಪೂಜ್ಯ ಸುಮಂಗಲಜ್ಜಿಯವರಿಗೆ, ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು ಹನ್ನಾ ಮಾಡುವ ನಮಸ್ಕಾರಗಳು.

ಈ ಕಾಗದವನ್ನು ಹಿಂದಿನ ಕಾಲಕ್ಕೆ ಬರೆಯುತ್ತಿದ್ದೇನೆ, ಅಲ್ಲಿ ನಿಮಗೀಗ ಇಪ್ಪತ್ತೆರಡು ವರ್ಷ. ಅಜ್ಜಿ ಎಂದು ಕರೆದದ್ದಕ್ಕೆ ನಗಬೇಡಿ. ನನ್ನ ಕನ್ನಡ ಅಡುಗೆಮನೆಯಲ್ಲಿ ಬಾಯಿಂದ ಬಾಯಿಗೆ ಬಂದದ್ದು, ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಿ. ತಿಂಗಳನ್ನು ತಪ್ಪಾಗಿ ಬರೆದಿಲ್ಲ. ವರ್ಷದ ತುದಿಯ ಚಳಿದಿನಗಳನ್ನು ನಾವು ಬೇರೆ ತಿಂಗಳಾಗಿಯೇ ಎಣಿಸುತ್ತೇವೆ. ಅದಕ್ಕೆ ಒಲೆತಿಂಗಳು ಎಂದು ಹೆಸರು. ಆಗ ಕಚೇರಿಗಳಿಗೆ ಬೀಗ, ಬೀದಿಗೊಂದು ದೊಡ್ಡ ಒಲೆ. ಜನ ಬೀಟ್‌ರೂಟ್ ಸಾರಿನ ಬಟ್ಟಲು ಹಿಡಿದು ಸುತ್ತ ಕೂರುತ್ತಾರೆ. ಬಂದವರಿಗೆ ಜಾಗ ಬಿಡುತ್ತಾ ಬಿಡುತ್ತಾ ವರ್ತುಲ ದೊಡ್ಡದಾಗುತ್ತದೆ.

ಹಾವೇರಿಯಿಂದ ಡಾಕ್ಟರಿಕೆ ಓದಲು ಬಂದ ನೀವು ಅದನ್ನು ಬಿಟ್ಟು 'ಓಸೊಕೊರ್' ವೃಂದಗಾನ ತಂಡ ಸೇರಿದ್ದೀರಿ. ಮನೆಯವರು ನಿಮ್ಮೊಡನೆ ಮಾತು ಬಿಟ್ಟಿದ್ದಾರೆಂದು ಕೇಳಿದ್ದೇನೆ. ಹೊಳೆದಂಡೆಯ ಕರಿ ಪಾಪ್ಲರ್ ಮರದ ಹೆಸರು ಹೊತ್ತ ಆ ತಂಡವನ್ನು ಹಳೆಯ ಯುದ್ಧವೊಂದು ಮುಗಿದಾಗ ಶಾಲಾ ಮಾಸ್ತರರೊಬ್ಬರು ರೈಲ್ವೆ ಕೂಲಿಗಳನ್ನು ಕೂಡಿಸಿ ಕಟ್ಟಿದರಂತೆ. ಸಂಬಳದ ಗಾಯಕರು ಆಮೇಲೆ ಬಂದರು. ವಾದ್ಯಗಳಿಲ್ಲ, ಬರೀ ಕಂಠ. ದೋಣಿಯ ಹಾಡು, ಚಳಿಗಾಲದಲ್ಲಿ ಮನೆಮನೆಗೆ ಹೋಗಿ ಹಾಡುವ ಹಾಡು, ಚರ್ಚಿನ ಸ್ತೋತ್ರ. ದೇವರ ಹೆಸರೆತ್ತಬಾರದ ಕಾಲದಲ್ಲಿ ಸ್ತೋತ್ರಗಳನ್ನು ಪದವಿಲ್ಲದೆ ಗುನುಗಿ ಉಳಿಸಿದವರು ಅವರು.

ನಿಮ್ಮ ನಂತರದ್ದನ್ನು ನಾನು ಹೇಳಬೇಕು. ಹೊಳೆ ಏರಿ ಸಭಾಂಗಣವೂ ಸ್ವರಲಿಪಿಯ ಹಾಳೆಗಳೂ ಹೋದವು. ಯಂತ್ರಗಳಲ್ಲಿಟ್ಟ ಪ್ರತಿಗಳನ್ನು ತೆರೆಯಲು ಈಗ ಯಾರಿಗೂ ಬರುವುದಿಲ್ಲ. ಗಾಯಕರು ದಿಕ್ಕಾಪಾಲಾದರು. ಎರಡು ತಲೆಮಾರು ತಂಡವೇ ಇರಲಿಲ್ಲ.

ನಮ್ಮ ಮನೆಯಲ್ಲಿ ಉಳಿದದ್ದು ನೀವು ಮಗಳನ್ನು ಮಲಗಿಸುತ್ತಿದ್ದ ಗಿರಣಿ ಹಾಡು ಮಾತ್ರ. ಹೊಳೆ ಹೆಪ್ಪುಗಟ್ಟಿ ಗಿರಣಿ ನಿಂತಿದೆ, ನೀರು ಹರಿಯುವವರೆಗೆ ಕಾಯೋಣ ಎಂಬ ಹಾಡು. ಮೂರೇ ಸ್ವರ, ಏರಿಲ್ಲ, ಇಳಿತವಿಲ್ಲ. "ಪಾಪ, ಸುಮಂಗಲಜ್ಜಿಗೆ ರಾಗವೇ ಒಲಿದಿರಲಿಲ್ಲ. ಆದರೂ ಹಾಡಿಗೋಸ್ಕರ ಡಾಕ್ಟರಿಕೆ ಬಿಟ್ಟರು ನೋಡು," ಎಂದು ನನ್ನ ತಾಯಿ ನಿಟ್ಟುಸಿರಿಡುತ್ತಿದ್ದರು.

ಹೋದ ವರ್ಷ ಯಾರೊಸ್ಲಾವಾ ಎಂಬ ಸಂಗೀತದ ಟೀಚರು ತಂಡವನ್ನು ಮತ್ತೆ ಕಟ್ಟಲು ಹೊರಟರು. ಒಲೆಯಿಂದ ಒಲೆಗೆ ಹೋಗಿ, "ನಿಮಗೆ ನೆನಪಿದ್ದಷ್ಟು ಹಾಡಿ" ಎಂದು ಜನರನ್ನು ಕೇಳುತ್ತಿದ್ದರು. ನಮ್ಮ ಬೀದಿಯ ಒಲೆಗೆ ಬಂದಾಗ ಜೊತೆಯಲ್ಲಿ ಒಸ್ತಾಪ್ ಎಂಬ ಮುದುಕರಿದ್ದರು. ಅವರು ಗಿರಣಿ ಹಾಡು ಎತ್ತಿದರು. ಪದ ನಮ್ಮದೇ, ರಾಗ ಬೇರೆ, ಎಷ್ಟು ಚಂದದ್ದು.

"ನಮ್ಮ ಮನೆಯಲ್ಲೂ ಇದಿದೆ. ಆದರೆ ಕೆಟ್ಟದಾಗಿ ಹಾಡುತ್ತೇವೆ," ಎಂದೆ.

"ಹಾಡು, ಕೇಳೋಣ," ಎಂದರು ಟೀಚರು.

ನಾನು ಶುರುಮಾಡಿದ್ದೇ ಒಸ್ತಾಪ್ ತಮ್ಮ ಹಾಡು ನಿಲ್ಲಿಸಿದರು. "ನೀವು ನಿಲ್ಲಿಸಬೇಡಿ. ಇಬ್ಬರೂ ಕೂಡಿ ಹಾಡಿ," ಎಂದು ಟೀಚರು ಅವರಿಗೆ ಹೇಳಿದರು.

ಕೂಡಿ ಹಾಡಿದೆವು. ಮುದುಕರ ದನಿ ಮೇಲಕ್ಕೆ ಹೋದಾಗ ನಮ್ಮ ಸ್ವರ ಇದ್ದಲ್ಲೇ ನಿಂತು ಅದನ್ನು ಹೊತ್ತುಕೊಂಡಿತು. ಅವರದು ಇಳಿದಾಗ ನಮ್ಮದು ಒಂದೇ ಮೆಟ್ಟಿಲು ಸರಿದು ದಾರಿ ಬಿಟ್ಟಿತು. ನೀವು ನಮಗೆ ಕೊಟ್ಟದ್ದು ರಾಗವಲ್ಲ, ತಂಡದಲ್ಲಿ ಉಳಿದವರು ರಾಗ ಎತ್ತುವಾಗ ಅದಕ್ಕೆ ಆಸರೆಯಾಗಿ ನೀವು ಹಾಡುತ್ತಿದ್ದ ನಡುದನಿ.

"ಹುಟ್ಟಿದಾಗಿನಿಂದ ಇದನ್ನು ಒಬ್ಬನೇ ಹಾಡಿದ್ದೆ," ಎಂದರು ಒಸ್ತಾಪ್. ನನ್ನ ತಾಯಿ ಬಟ್ಟಲು ಕೆಳಗಿಟ್ಟು ಕನ್ನಡದಲ್ಲಿ, "ಅಜ್ಜಿ ಸರಿಯಾಗೇ ಹಾಡಿದ್ದರು ಕಣೇ," ಎಂದು ಕಣ್ಣೊರೆಸಿಕೊಂಡರು.

ನಾಳೆ ಹೊಸ ಓಸೊಕೊರ್ ತಂಡದ ಮೊದಲ ಸಂಗೀತ ಕಛೇರಿ. ನಡುದನಿಯ ಸಾಲಿನಲ್ಲಿ ನಾನಿದ್ದೇನೆ. ಆದರೆ ಗಿರಣಿ ಹಾಡನ್ನು ಅರ್ಧವೇ ಹಾಡುತ್ತೇವೆ. ಒಸ್ತಾಪ್‌ಗೆ ಎರಡನೆಯ ಚರಣವೂ ಬರುತ್ತದೆ. ಅಲ್ಲಿ ರಾಗ ತಿರುಗುವುದರಿಂದ ನಮ್ಮ ಮೂರು ಸ್ವರ ಕೂಡುವುದಿಲ್ಲ. ನಮ್ಮ ಮನೆಗೆ ಬಂದದ್ದು ಮೊದಲ ಚರಣದ ನಡುದನಿ ಮಾತ್ರ. ಅಷ್ಟರಲ್ಲಿ ಮಕ್ಕಳು ಮಲಗಿಬಿಡುತ್ತಿದ್ದವೇನೋ.

ಅಜ್ಜಿ, ನಿಮಗಿನ್ನೂ ಮಗಳು ಹುಟ್ಟಿಲ್ಲ. ಹುಟ್ಟಿದ ಮೇಲೆ, ಮೊದಲ ಚರಣಕ್ಕೇ ಅವಳು ಕಣ್ಣು ಮುಚ್ಚಿದರೆ, ದಯವಿಟ್ಟು ಎಬ್ಬಿಸಿ. ಸ್ವಲ್ಪ ಅಳಲಿ, ಪರವಾಗಿಲ್ಲ. ಎರಡನೆಯದನ್ನೂ ಕೇಳಿಸಿ.