ಕೈ ಒತ್ತಿದರೆ ನಿಮ್ಮ ಪಾಳಿ

ಡಿಸೆಂಬರ್ 1, ಭಾನುವಾರ

ಐವತ್ತು ಹುಡುಗರಿಗೆ ಉಪ್ಪಿಟ್ಟು. ರವೆ ಸ್ವಲ್ಪ ಸೀದಿತ್ತು. ‘ಇವತ್ತ ಸ್ಪೆಷಲ್, ಹೊಗಿ ಹಾಕಿದ ಉಪ್ಪಿಟ್ಟು’ ಅಂದೆ. ನಗುತ್ತ ತಿಂದರು. ಇಪ್ಪತ್ತೆರಡು ವರ್ಷದಿಂದ ಈ ಕ್ಯಾಂಪಸ್ಸಿನ ಮೆಸ್ಸಿನಲ್ಲಿ ನನ್ನ ಕೆಲಸ ಇಷ್ಟೇ — ಸೀದದ್ದನ್ನು ನಗಿಸಿ ತಿನ್ನಿಸುವುದು.

ಸಂಜೆ ನಾಲ್ಕಕ್ಕೆ ಲೈಬ್ರರಿಯ ಹಿಂದಿನ ಕೋಣೆಗೆ ಚಹಾ ಒಯ್ದೆ. ಲೈಬ್ರರಿಯ ಮಹೇಶ್ವರಿ ಮೇಡಂ, ಐದು ಜನ ಹುಡುಗ ಹುಡುಗಿಯರು. ಕ್ರಿಶ್ಚಿಯನ್ನರು. ಭಾನುವಾರ ಅಲ್ಲಿ ಕೂಡುತ್ತಾರೆ. ಫೆಲೋಶಿಪ್ ಅನ್ನುತ್ತಾರೆ. ಸುತ್ತ ಕೂತು ಕೈ ಕೈ ಹಿಡಿಯುತ್ತಾರೆ. ಒಬ್ಬರು ಕಣ್ಣು ಮುಚ್ಚಿ ದೇವರ ಜೊತೆ ಮಾತಾಡಿ, ಮುಗಿದ ಮೇಲೆ ಪಕ್ಕದವರ ಕೈ ಒತ್ತುತ್ತಾರೆ. ಆಗ ಅವರ ಪಾಳಿ. ಮಾತು ಬೇಡ ಅನ್ನಿಸಿದರೆ ಸುಮ್ಮನೆ ಮುಂದಿನ ಕೈ ಒತ್ತಬಹುದು.

ಕೊಣ್ಣೂರಿನ ಕನಕರಾಜನ ಪಾಳಿ ಬಂತು. ಎಂ.ಎ. ಹುಡುಗ. ಉಗ್ಗು ಇದೆ. ಮೆಸ್ಸಿನಲ್ಲಿ ಸಾರು ಬೇಕಾದರೂ ಬೆರಳು ತೋರಿಸುತ್ತಾನೆ, ಬಾಯಿ ಬಿಡುವುದಿಲ್ಲ. ಅಲ್ಲಿ ಬಿಟ್ಟ. ‘ಸ್-ಸ್-ಸ್ವಾಮಿ, ನಮ್ಮವ್ವನ ಕ-ಕಣ್ಣು...’ ಒಂದು ಮಾತಿಗೆ ಒಂದು ನಿಮಿಷ. ಯಾರೂ ಕದಲಲಿಲ್ಲ. ಮೇಡಂ ಮೆಲ್ಲಗೆ, ‘ಗಡಬಡಿ ಏನಿಲ್ಲ, ಕನಕರಾಜ’ ಅಂದರು. ಕೆಟಲ್ ಹಿಡಿದು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದೆ. ಚಹಾ ಆರಿತು.

ಶನಿವಾರದ ನಕಲಿಗೆ ಒಳ್ಳೆ ಐಟಂ ಸಿಕ್ಕಿತು ಅಂದುಕೊಂಡೆ. ಹೌದು, ಅದನ್ನೇ ಅಂದುಕೊಂಡೆ.

ಡಿಸೆಂಬರ್ 7, ಶನಿವಾರ

ಊಟದ ಹೊತ್ತಿಗೆ ನನ್ನ ವಾರದ ಪ್ರೋಗ್ರಾಂ. ಸೌಟೇ ಮೈಕು. ವಾರ್ಡನ್ ಸಾಹೇಬರ ಕೆಮ್ಮು ಮಾಡಿದೆ. ರೋಣ ಬಸ್ಸಿನ ಕಂಡಕ್ಟರ್ ಮಾಡಿದೆ. ಕೊನೆಗೆ ಕಣ್ಣು ಮುಚ್ಚಿ, ಕೈ ಜೋಡಿಸಿ — ‘ಸ್-ಸ್-ಸ್ವಾಮಿ, ದೇವಪ್ಪ ಕಾಕಾಗ ಬ-ಬುದ್ಧಿ ಕೊಡಪಾ, ಸಾರಿಗೆ ಉ-ಉ-ಉಪ್ಪು ಹಾಕ್ಲಿ...’

ತಾಟು ಬಡಿದು ಬಡಿದು ನಕ್ಕರು. ಕಣ್ಣು ತೆರೆದೆ. ಕೈ ತೊಳೆಯುವಲ್ಲಿ ಕನಕರಾಜ ನಿಂತಿದ್ದ. ನಲ್ಲಿಯ ಕೆಳಗೆ ಕೈ. ನೀರು ಹರಿಯುತ್ತಲೇ ಇತ್ತು. ನನ್ನ ಕಡೆ ನೋಡಲಿಲ್ಲ. ನಲ್ಲಿ ಬಂದ್ ಮಾಡಿದ, ಕೈ ಒರೆಸಿಕೊಂಡ, ಹೋದ.

ಅವನು ಬಾಗಿಲು ದಾಟುವ ತನಕ ನಾನೂ ನಗುತ್ತಿದ್ದೆ. ಎಲ್ಲರೂ ನಗುತ್ತಿದ್ದರಲ್ಲ.

ಡಿಸೆಂಬರ್ 8, ಭಾನುವಾರ

ಚಹಾ ಒಯ್ದೆ. ಕನಕರಾಜನ ಪಾಳಿ ಬಂತು. ಬಂದ ಕೂಡಲೇ ಮುಂದಿನವರ ಕೈ ಒತ್ತಿಬಿಟ್ಟ. ಮೇಡಂ, ‘ಗಡಬಡಿ ಏನಿಲ್ಲ’ ಅಂದರು. ತಲೆ ಅಲ್ಲಾಡಿಸಿದ.

ಚಹಾದ ಕಪ್ಪು ವಾಪಸ್ ತರುವಾಗ ಒಂದು ಕೈಜಾರಿ ಒಡೆಯಿತು. ಜೋಕು ಹೇಳಲಿಲ್ಲ.

ಡಿಸೆಂಬರ್ 9

ಚಮನಬಿ ಅಕ್ಕ ನಮ್ಮ ಮೆಸ್ಸಿನಲ್ಲಿ ರೊಟ್ಟಿ ಬಡಿಯುವಾಕೆ. ಬಡಿಯುತ್ತಲೇ ಕೇಳಿದಳು, ‘ಅಲ್ಲೋ ದೇವಪ್ಪ, ನಾ ನಮಾಜಿಗೆ ಕುಂತಾಗ ನನ್ನ ನಕಲಾನೂ ಮಾಡ್ತಿಯೇನು?’

‘ಏ, ಅದು ಹ್ಯಾಂಗ ಆಗ್ತದಕ್ಕ.’

‘ಮತ್ತ ಆ ಹುಡುಗಂದು ಹ್ಯಾಂಗಾತು?’

ಏನಾದರೂ ತಮಾಷೆ ಅಂದು ತಪ್ಪಿಸಿಕೊಳ್ಳೋಣ ಅಂತ ಹುಡುಕಿದೆ. ಕೊನೆಗೆ ನೀರು ತರುವ ನೆಪ ಮಾಡಿ ಹೊರಗೆ ಹೋದೆ.

ಡಿಸೆಂಬರ್ 14, ಶನಿವಾರ

ಎಲ್ಲರ ಮುಂದೆ ಮಾಡಿದ ತಪ್ಪು. ಎಲ್ಲರ ಮುಂದೆಯೇ ಒಪ್ಪಬೇಕು ಅಂತ ಐದು ದಿನ ಲೆಕ್ಕ ಹಾಕಿದ್ದೆ. ಸೌಟು ಕೆಳಗಿಟ್ಟೆ. ‘ಹ್ವಾದ ಶನಿವಾರ ನಾ ತಪ್ಪ ಮಾಡೀನಿ. ಒಬ್ಬರ ಪ್ರಾರ್ಥನಿ ತಗೊಂಡು ನಗೆಪಾಟಲ ಮಾಡೀನಿ. ಮಾಫ್ ಮಾಡ್ರಿ’ ಅಂದೆ.

ತಾಟಿನಿಂದ ತಲೆ ಎತ್ತಿದರು. ಆಮೇಲೆ ಮೂಲೆಯಿಂದ ಉಮರ ಅನ್ನುವ ಹುಡುಗ, ‘ಕಾಕಾ, ಇದು ಯಾರ ನಕಲು? ಪ್ರಿನ್ಸಿಪಾಲರದೇನು?’ ಅಂದ. ಇಡೀ ಮೆಸ್ ನಗತೊಡಗಿತು. ನನಗೆ ಖರೇ ಕಣ್ಣೀರು ಬಂತು. ‘ಏನ್ ಆ್ಯಕ್ಟಿಂಗೋ ಕಾಕಾಂದು’ ಅಂದ ಇನ್ನೊಬ್ಬ.

ಕನಕರಾಜ ಅಲ್ಲಿರಲಿಲ್ಲ. ಈಗ ಊಟ ರೂಮಿಗೇ ಒಯ್ಯುತ್ತಾನೆ.

ಡಿಸೆಂಬರ್ 15, ಭಾನುವಾರ

ಲೈಬ್ರರಿ ಮೆಟ್ಟಿಲ ಮೇಲೆ ಅವನನ್ನು ಹಿಡಿದೆ. ‘ತಪ್ಪಾತಪಾ. ನಿನ್ನ ಕಾಲು ಹಿಡೀತೀನಿ’ ಅಂದೆ. ಬಗ್ಗಲು ಬಿಡಲಿಲ್ಲ. ಭುಜ ತಟ್ಟಿದ. ಇರಲಿ ಅನ್ನುವ ಹಾಗೆ ಕೈ ಆಡಿಸಿದ. ಬಾಯಿ ಬಿಡಲಿಲ್ಲ. ಬೈದಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು...

ಒಳಗೆ ಮೇಡಂ ಹೇಳಿದರು, ‘ಕ್ರಿಸ್‌ಮಸ್ಸಿಗೆ ಬೈಬಲ್ ಓದೂದು ಅವಂದ ಇತ್ತ್ರಿ. ಒಲ್ಲೆ ಅಂತ ಚೀಟಿ ವಾಪಸ್ ಕೊಟ್ಟ. ಬಾಯಿಬಿಟ್ಟು ಮಾತಾಡಾಕ ಅವಂಗ ಇದೊಂದ ಕೋಣಿ ಇತ್ತು.’

‘ಬೈರಿ ಮೇಡಂ.’

‘ಬೈಯೂದಿಲ್ಲ. ಬಾಗಿಲ್ದಾಗ ನಿಲ್ಲಬ್ಯಾಡ್ರಿ ಅಷ್ಟ. ಒಳಗ ಬಂದು ಕುಂದರ್ರಿ.’

ಕೂತೆ. ನನ್ನ ಪಾಳಿ ಬಂದಾಗ ಮುಂದಿನ ಕೈ ಒತ್ತಿ ಪಾರಾದೆ.

ಡಿಸೆಂಬರ್ 22, ಭಾನುವಾರ

ನಿನ್ನೆ ಹೊಟ್ಟೆನೋವು ಅಂತ ಹೇಳಿ ಪ್ರೋಗ್ರಾಂ ಮಾಡಲಿಲ್ಲ. ಇವತ್ತೂ ಹೋಗಿ ಕೂತೆ. ಯಾಕೆ ಹೋಗುತ್ತೇನೆ ಅಂತ ಚಮನಬಿ ಅಕ್ಕ ಕೇಳಿದಳು. ಗೊತ್ತಿಲ್ಲ. ಅಲ್ಲಿ ನಾನು ನಗಿಸದಿದ್ದರೂ ಕೂಡಿಸಿಕೊಳ್ಳುತ್ತಾರೆ.

ಯೇಸು ಹುಟ್ಟುವಾಗ ಛತ್ರದಲ್ಲಿ ಜಾಗವೇ ಸಿಗಲಿಲ್ಲವಂತೆ, ದನ ಮೇಯುವ ಗೋದಲಿಯಲ್ಲಿ ಮಲಗಿಸಿದರಂತೆ. ಮೇಡಂ ಓದಿದರು. ಕನಕರಾಜ ತಲೆ ತಗ್ಗಿಸಿ ಕೂತಿದ್ದ. ಅವನಿಗಿದ್ದ ಒಂದೇ ಜಾಗ. ಅದನ್ನು ನಾನು ಒಂದು ಶನಿವಾರದ ನಗುವಿಗೆ ಮಾರಿದೆ.

ಪಾತ್ರೆ ತಿಕ್ಕುವಾಗ ಒಬ್ಬನೇ ಪ್ರಾರ್ಥನೆ ಮಾಡಿ ನೋಡಿದೆ. ಮೇಡಂ ದನಿ ಬಂತು. ವಾರ್ಡನ್ ದನಿ ಬಂತು. ಕಂಡಕ್ಟರನ ದನಿಯೂ ಬಂತು. ನನ್ನದು ಬರಲಿಲ್ಲ.

ಡಿಸೆಂಬರ್ 25, ಸಂಜೆ 7

ಕಿಟಕಿಗೆ ಕಾಗದದ ನಕ್ಷತ್ರ. ಗಜೇಂದ್ರಗಡದ ಬೇಕರಿಯ ಕೇಕು. ಚಮನಬಿ ಅಕ್ಕ ಒಂದು ಪಾತ್ರೆ ಗೋಧಿ ಹುಗ್ಗಿ ಮಾಡಿ ಕಳಿಸಿದ್ದಳು. ಬೈಬಲ್ ಮೇಡಂ ಓದಿದರು. ಆಮೇಲೆ ಕೈ ಹಿಡಿದೆವು. ನನ್ನ ಬಲಕ್ಕೆ ಮೇಡಂ, ಎಡಕ್ಕೆ ಕನಕರಾಜ. ಅವನೇ ಬಂದು ಕೂತಿದ್ದ.

ಮೇಡಂ ನನ್ನ ಕೈ ಒತ್ತಿದರು.

ಈ ಸಲ ದಾಟಿಸಬಾರದು ಅಂತ ಬಾಯಿ ತೆರೆದೆ. ‘ಸ್ವಾ...’ ಅಂದೆ. ನಾಲಿಗೆ ನಿಂತಿತು. ‘ನಾ... ನಾ...’ ಮುಂದೆ ಹೋಗದು. ಮತ್ತೆ ನಕಲು ಮಾಡುತ್ತಿದ್ದಾನೆ ಅಂದುಕೊಂಡರೆ? ಪಕ್ಕದಲ್ಲೇ ಕೂತ ಅವನು ಅಂದುಕೊಂಡರೆ? ಸಾಕು, ಕೈ ಒತ್ತಿ ದಾಟಿಸಿಬಿಡೋಣ ಅನ್ನುವಷ್ಟರಲ್ಲಿ ಅವನೇ ನನ್ನ ಕೈ ಗಟ್ಟಿ ಹಿಡಿದ.

‘ಗ-ಗ-ಗಡಬಡಿ ಏ-ಏನಿಲ್ಲ, ಕ-ಕಾಕಾ.’

ಇಪ್ಪತ್ನಾಲ್ಕು ದಿನವಾಗಿತ್ತು ಆ ದನಿ ಕೇಳಿ.

ಯಾರೂ ಕದಲಲಿಲ್ಲ. ಕಾಯುತ್ತಿದ್ದರು. ನನಗೆ.

‘ಸ್ವಾಮಿ,’ ಅಂದೆ, ‘ನಾ ದೇವಪ್ಪ. ಮೆಸ್ಸಿನಾಂವ. ಈ ಹುಡುಗನ್ನ ನಾ ನಗೆಪಾಟಲ ಮಾಡೀನಿ.’